ಗಂಜಿ ಕಾಕ ಮತ್ತು ಪುಕ್ಕಟೆ ಊಟ

ಹೋದ ತಿಂಗಳು ಹೆಂಡತಿ ತವರಿಗೆ ಹೋಗಿದ್ದಳು. ಪಡೀಲಿನ ನಮ್ಮ ಮನೆಯಲ್ಲಿ ನಾಲ್ಕು ದಿನ ಅಡುಗೆಯ ಯಜಮಾನಿಕೆ ನನ್ನ ಪಾಲಿಗೆ ಬಂತು. ಕುಚ್ಚಲಕ್ಕಿಯನ್ನು ಕುಕ್ಕರಿಗೆ ಹಾಕುವುದು ಬಿಟ್ಟು, ಶೂರನ ಹಾಗೆ ದೊಡ್ಡ ಪಾತ್ರೆಯಲ್ಲಿ ಬೇಯಲು ಇಟ್ಟೆ. ಐದೇ ನಿಮಿಷ ಎಂದು ಫೋನ್ ಹಿಡಿದು ಕೂತವನನ್ನು ಎಬ್ಬಿಸಿದ್ದು ವಾಸನೆ. ಗಂಜಿ ಉಕ್ಕಿ, ತಿಳಿಯೆಲ್ಲ ಒಲೆಯ ಮೇಲೆ ಹರಿದು, ಬರ್ನರಿನ ಸುತ್ತ ಕಂದು ಬಣ್ಣಕ್ಕೆ ತಿರುಗಿ ಸೀಯುತ್ತಿತ್ತು. ನನ್ನನ್ನೇ ಬೈದುಕೊಳ್ಳುತ್ತ ಒರೆಸುವ ಬಟ್ಟೆ ಹುಡುಕಬೇಕಾಗಿದ್ದವನು ಹಾಗೆಯೇ ನಿಂತುಬಿಟ್ಟೆ. ಉಕ್ಕಿದ ಗಂಜಿ ಸೀದ ಆ ವಾಸನೆ... ಬೈಕಂಪಾಡಿಯ ಒಂದು ತಗಡಿನ ಶೆಡ್ಡು, ಮೂರು ಬೆಂಚು, ಒಲೆಯ ಮುಂದೆ ಬಿಳಿ ಟೊಪ್ಪಿ ಹಾಕಿ ಸೌಟು ಹಿಡಿದು ನಿಂತ ಕಾಕ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

ಕಾಕ ಎಂದರೆ ನಮ್ಮ ಕಡೆ ಬ್ಯಾರಿ ಮುಸ್ಲಿಮರಲ್ಲಿ ಹಿರಿಯ ಗಂಡಸರನ್ನು ಕರೆಯುವ ಮಾತು. ಲಾರಿಯವರಿಗೆಲ್ಲ ಅವರು ಗಂಜಿ ಕಾಕ. ನಾನು ಆಗ ಬೈಕಂಪಾಡಿಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಂಪೆನಿಯ ಆಫೀಸಿನಲ್ಲಿದ್ದೆ. ಗೋಡಂಬಿಗೆ, ಮೀನಿಗೆ, ಐಸ್‌ಕ್ರೀಮಿಗೆ, ಹೀಗೆ ಊರಿನ ಸಕಲ ವಸ್ತುಗಳಿಗೂ ನಮ್ಮದೇ ಪೆಟ್ಟಿಗೆ. ಪೆಟ್ಟಿಗೆ ತುಂಬಿಸಿಕೊಳ್ಳಲು ಬಂದ ಲಾರಿಗಳು ಗೇಟಿನ ಹೊರಗೆ ಸರದಿಗಾಗಿ ಕಾಯುತ್ತಿದ್ದವು. ಆ ಲಾರಿಗಳ ಎದುರಿಗೆ, ಮುಚ್ಚಿಹೋಗಿದ್ದ ಒಂದು ಐಸ್ ಪ್ಲಾಂಟಿನ ಜಾಗದಲ್ಲಿ ಬಾಡಿಗೆ ಕೊಟ್ಟು ಕಾಕ ಶೆಡ್ಡು ಹಾಕಿದ್ದರು. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಾವಿನಮಿಡಿ ಉಪ್ಪಿನಕಾಯಿ, ಬೇಕಾದವರಿಗೆ ಒಣಮೀನಿನ ಚಟ್ನಿ. ಇಷ್ಟೇ ಅವರ ಹೋಟೆಲು. ಬೋರ್ಡೂ ಇರಲಿಲ್ಲ.

ನಾನು ದೇರೆಬೈಲಿನ ಅರ್ಚಕರ ಮನೆಯವನು ಎಂದು ಗೊತ್ತಾದ ದಿನದಿಂದ ಅವರ ಬಾಯಲ್ಲಿ ನಾನು ಭಟ್ರು. ನಾನು ಕೇಳದೆಯೇ ನನಗೆಂದು ಬೇರೆ ಬಟ್ಟಲು, ಬೇರೆ ಸೌಟು ತೆಗೆದಿಟ್ಟರು. ಆ ಸೌಟನ್ನು ಎತ್ತಿ ತೋರಿಸಿ, ಇದಕ್ಕೆ ಮೀನು ಎಂದರೆ ಯಾರೆಂದೇ ಗೊತ್ತಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ಮನೆಯಲ್ಲಿ ಅಮ್ಮನಿಗೆ ನಾನು ಕ್ಯಾಂಟೀನಿನಲ್ಲಿ ಉಣ್ಣುತ್ತೇನೆಂದು ಹೇಳಿದ್ದೆ. ಅಪ್ಪನಿಗೆ ಗೊತ್ತಿತ್ತೆಂದು ಕಾಣುತ್ತದೆ, ಆದರೆ ಅವರು ಕೇಳಲಿಲ್ಲ.

ಕಾಕನ ಒಂದು ಕ್ರಮವಿತ್ತು. ಯಾರೇ ಬಂದು ಕೂತರೂ ಮೊದಲ ತುತ್ತು ಒಳಗೆ ಹೋಗುವವರೆಗೆ ಎದುರಿಗೆ ನಿಂತಿರುತ್ತಿದ್ದರು. ಆಮೇಲೆ, ಉಪ್ಪು ಸರಿ ಉಂಟಾ ಎಂದು ಕೇಳುವುದು. ಸುಮ್ಮನೆ ತಲೆಯಾಡಿಸಿದರೆ ಬಿಡುತ್ತಿರಲಿಲ್ಲ. ಸರಿಯಾಗಿ ರುಚಿ ನೋಡಿ ಹೇಳಬೇಕು. ಕಡಿಮೆ ಎಂದರೆ ಅವನ ಬಟ್ಟಲಿಗಷ್ಟೇ ಅಲ್ಲ, ಹಂಡೆಗೇ ಉಪ್ಪು ಬೀಳುತ್ತಿತ್ತು. ಹೀಗಾಗಿ ಹನ್ನೆರಡು ಗಂಟೆಯ ಗಂಜಿಗೂ ಎರಡು ಗಂಟೆಯ ಗಂಜಿಗೂ ರುಚಿಯಲ್ಲಿ ಬಹಳ ವ್ಯತ್ಯಾಸ. ಡ್ರೈವರುಗಳು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು, ಕಾಕ ಖುಷಿಯಿಂದ ಕೇಳಿಸಿಕೊಳ್ಳುತ್ತಿದ್ದರು. ಇದರಲ್ಲಿ ಬಂಟ್ವಾಳದ ಒಬ್ಬ ಡ್ರೈವರನದು ಎತ್ತಿದ ಕೈ. ಚಟ್ನಿ ಕಂಡರೆ ಸಾಕು, ಇದೆಂತ ಸಿಮೆಂಟಾ ಎಂದೇ ಅವನು ಊಟ ಶುರುಮಾಡುವುದು. ಹಾಗೆ ಬೈಯುತ್ತಲೇ ಮೂರು ಸಲ ಹಾಕಿಸಿಕೊಳ್ಳುತ್ತಿದ್ದ.

ಕೈಯಲ್ಲಿ ಕಾಸಿಲ್ಲದೆ ಬಂದವನನ್ನು ಕಾಕ ಕಳಿಸಿಬಿಡುತ್ತಿರಲಿಲ್ಲ, ಪುಕ್ಕಟೆಯಾಗಿಯೂ ಹಾಕುತ್ತಿರಲಿಲ್ಲ. ಎರಡು ಕೊಡ ನೀರು ತರಲು ಹೇಳುವರು, ಇಲ್ಲವೇ ತೆಂಗಿನಕಾಯಿ ತುರಿಯಲು ಕೂರಿಸುವರು. ಇದು ಸ್ವಲ್ಪ ಜಿಪುಣತನವೆಂದು ನನಗೆ ಆಗ ಅನಿಸುತ್ತಿತ್ತು. ದೇವಸ್ಥಾನದ ಭೋಜನಶಾಲೆಯಲ್ಲಿ ಬಡಿಸುತ್ತ ಬೆಳೆದವನು ನಾನು. ಹಸಿದವನಿಗೆ ಅನ್ನ ಹಾಕುವಾಗ ಅವನ ಕೈಯಲ್ಲಿ ನೀರು ಹೊರಿಸುವುದೆಂದರೆ ನಮ್ಮ ಮನೆಯಲ್ಲಿ ಯಾರೂ ಒಪ್ಪುವ ಮಾತಲ್ಲ.

ಕಾಕನ ಮೊದಲಿನ ಅಂಗಡಿ ಇದ್ದದ್ದು ತಲಪಾಡಿಯಲ್ಲಿ, ಕೇರಳದ ಗಡಿಯ ಚೆಕ್‌ಪೋಸ್ಟಿನ ಹತ್ತಿರ. ಆಗ ಸರಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟಬೇಕಾದರೆ ತೆರಿಗೆಯ ಕಾಗದ ತೋರಿಸಿ ಸೀಲು ಹಾಕಿಸಿಕೊಳ್ಳಬೇಕಿತ್ತು. ಸಾಲುಗಟ್ಟಿ ನಿಂತ ಲಾರಿಗಳು ಗಂಟೆಗಟ್ಟಲೆ ಅಲ್ಲಾಡುತ್ತಿರಲಿಲ್ಲ. ಕಾಕನ ಹಂಡೆ ಮಾತ್ರ ಬೇಗ ಬೇಗ ಖಾಲಿಯಾಗುತ್ತಿತ್ತು. ಅವರ ಮನೆಯಲ್ಲಿ ಗಂಡಸರೆಲ್ಲ ಗಲ್ಫಿಗೆ ಹೋದರೂ ಇವರೊಬ್ಬರು ಹೋಗಲಿಲ್ಲ. ದುಬೈ ಇಲ್ಲಿಗೇ ಬಂದು ನಿಂತಿರುವಾಗ ನಾನು ಯಾಕೆ ಅಲ್ಲಿಗೆ ಹೋಗಲಿ ಎಂದು ಆ ಲಾರಿಗಳ ಸಾಲು ತೋರಿಸಿ ತಮ್ಮನಿಗೆ ಹೇಳಿದ್ದರಂತೆ.

ಜಿಎಸ್‌ಟಿ ಬಂತು, ಚೆಕ್‌ಪೋಸ್ಟಿನ ಕೆಲಸ ಮುಗಿಯಿತು. ಕಾಕನಿಗೆ ಸುದ್ದಿ ಗೊತ್ತಿತ್ತು, ಆದರೆ ನಂಬಿಕೆ ಬಂದಿರಲಿಲ್ಲ. ಮೊದಲ ದಿನ ಎಂದಿನಂತೆಯೇ ಹಂಡೆ ತುಂಬ ಗಂಜಿ ಮಾಡಿದರು. ಲಾರಿಗಳು ಬಂದವು, ನಿಧಾನವೂ ಮಾಡದೆ ಹೋದವು. ಮಧ್ಯಾಹ್ನದವರೆಗೆ ನೋಡಿ, ಆಮೇಲೆ ಹಂಡೆಯನ್ನು ಇಬ್ಬರ ಕೈಯಲ್ಲಿ ಹೊರಿಸಿಕೊಂಡು ಚೆಕ್‌ಪೋಸ್ಟಿನ ಒಳಗೇ ಹೋದರು. ಮೇಜು ಕುರ್ಚಿ ಕಟ್ಟಿಡುತ್ತಿದ್ದ ಸಿಬ್ಬಂದಿಯನ್ನು ಸಾಲಾಗಿ ಕೂರಿಸಿ ಬಡಿಸಿದರು. ಒಬ್ಬ ಇನ್ಸ್‌ಪೆಕ್ಟರಿಗೆ ಕಣ್ಣಲ್ಲಿ ನೀರು ಬಂತಂತೆ. ಮೆಣಸು ಜಾಸ್ತಿಯಾಗಿತ್ತೋ ಏನೋ ಎಂದು ಕಾಕ ಅದನ್ನು ಹೇಳುವಾಗ ನಗುತ್ತಿದ್ದರು.

ಟಿವಿಯಲ್ಲಿ ಆಗ ದಿನವೂ ತೆರಿಗೆ ಸುಧಾರಣೆಯ ಜಗಳ. ಒಬ್ಬರು ದೇಶ ಉದ್ಧಾರವಾಯಿತು ಎಂದರೆ ಇನ್ನೊಬ್ಬರು ಹಾಳಾಯಿತು ಎನ್ನುವರು. ನಷ್ಟವಾದ ಮನುಷ್ಯ ನನ್ನೆದುರೇ ಇದ್ದಾರಲ್ಲ ಎಂದು ಒಂದು ದಿನ ಕಾಕನನ್ನೇ ಕೇಳಿದೆ, ಸರಕಾರದ ಮೇಲೆ ಸಿಟ್ಟು ಬರಲಿಲ್ಲವೇ ಎಂದು.

"ನಿಂತ ಲಾರಿಯಿಂದ ಬದುಕಿದವ ನಾನು ಭಟ್ರೆ," ಎಂದರು ಅವರು. "ಡ್ರೈವರ್ ನಿಲ್ಲದೆ ಹೋದ್ರೆ ಬೇಗ ಮನೆ ಮುಟ್ತಾನೆ. ನನ್ನ ಗಂಜಿ ಖರ್ಚಾಗ್ಬೇಕು ಅಂತ ಅವನನ್ನು ಅಲ್ಲಿ ಕಟ್ಟಿ ಹಾಕ್ಲಿಕ್ಕೆ ಆಗ್ತದಾ?"

ಅರುವತ್ತು ದಾಟಿದ ಮನುಷ್ಯ ಹಂಡೆ ಹೊತ್ತುಕೊಂಡು ಬೈಕಂಪಾಡಿಗೆ ಬಂದು ಮತ್ತೆ ಮೊದಲಿನಿಂದ ಶುರುಮಾಡಿದ್ದರು. ಇಲ್ಲೂ ಸೋತರೆ ದುಬೈಯಿಂದ ತಮ್ಮ ಕಳಿಸುವ ಹಣದಲ್ಲಿ ಮನೆಯಲ್ಲಿ ಕೂತು ಉಣ್ಣಬೇಕು. ತಮ್ಮ ಒಳ್ಳೆಯವನೇ, ಪ್ರೀತಿಯಿಂದಲೇ ಕಳಿಸುತ್ತಾನೆ, ಆದರೆ ಅವನ ಅನ್ನ ಉಂಡರೆ ಅವನಿಗೆ ಎರಡು ಮಾತು ಬೈಯಲು ಆಗುವುದಿಲ್ಲವಲ್ಲ ಎಂಬುದು ಕಾಕನ ಚಿಂತೆ. ನಾನು ಅದನ್ನು ತಮಾಷೆಯೆಂದೇ ತಿಳಿದಿದ್ದೆ.

ಹೀಗಿರುವಾಗ ಕಂಪೆನಿಯಲ್ಲಿ ನನಗೆ ಹೊಸ ಕೆಲಸ ಬಂತು. ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿಯನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನು ನಮ್ಮ ಕಂಪೆನಿಗೂ ಅನ್ವಯವಾಗುವಷ್ಟು ವ್ಯಾಪಾರ ಬೆಳೆದಿತ್ತು. ಆ ಖರ್ಚು ಮಾಡಿಸುವ ಹೊಣೆ ನನ್ನದು. ಕೊಡುವ ಕೆಲಸ ಸುಲಭವೆಂದು ತಿಳಿದಿದ್ದೆ. ಮೊದಲ ವರ್ಷ ಕಸದ ಡಬ್ಬಿ ಇಡಿಸಿದೆವು. ಅದರ ಮೇಲೆ ಕಂಪೆನಿಯ ಹೆಸರು ಎಷ್ಟು ದೊಡ್ಡದಾಗಿತ್ತೆಂದರೆ ಕಸ ಹಾಕುವ ಬಾಯಿಗೆ ಜಾಗ ಸಾಲದೆ ಜನ ಪಕ್ಕದಲ್ಲೇ ಬಿಸಾಡಿ ಹೋದರು. ಎರಡನೆಯ ವರ್ಷ ಬಸ್ ನಿಲ್ದಾಣಕ್ಕೆ ಕೊಟ್ಟ ಬೆಂಚಿನದೂ ಅದೇ ಕತೆ.

ಈ ವಿಷಯವನ್ನು ಕಾಕನಿಗೆ ಹೇಳಿದಾಗ ಅವರು ಬೆರಳು ಮಡಿಸಿ, ನಮ್ಮಲ್ಲಿ ಎರಡೂವರೆ ಉಂಟು, ಆದರೆ ಅದಕ್ಕೆ ಬೋರ್ಡು ಹಾಕುವ ಹಾಗಿಲ್ಲ ಎಂದರು. ಮುಸ್ಲಿಮರು ವರ್ಷಕ್ಕೊಮ್ಮೆ ಕೊಡಲೇಬೇಕಾದ ದಾನದ, ಝಕಾತಿನ ಮಾತು ಅದು. ಎಂ.ಡಿ.ಗೆ ಹೇಳಲೇ ಎಂದು ಕೇಳಿದ್ದಕ್ಕೆ, ಬೇಡ, ಪಾಪ, ಅವರಿಗೆ ಅರ್ಧ ಪರ್ಸೆಂಟ್ ಜಾಸ್ತಿಯಾದೀತು ಎಂದರು.

ಮೂರನೆಯ ವರ್ಷ ನನಗೊಂದು ಅದ್ಭುತ ಆಲೋಚನೆ ಹೊಳೆಯಿತು. ಗೇಟಿನೆದುರು ಹಸಿದು ಕಾಯುವ ಲಾರಿ ಡ್ರೈವರುಗಳಿಗೆ ದಿನವೂ ಉಚಿತ ಮಧ್ಯಾಹ್ನದ ಊಟ! ದೇವಸ್ಥಾನದ ಅನ್ನದಾನವನ್ನು ಕಾರ್ಖಾನೆಯ ಬಾಗಿಲಿಗೇ ತಂದುಬಿಟ್ಟೆನೆಂದು ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಎಂ.ಡಿ. ಮೆಚ್ಚಿದರು. ನಗರದ ಒಬ್ಬ ಅಡುಗೆ ಕಂಟ್ರಾಕ್ಟರು ಒಪ್ಪಿದ. ಗೇಟಿನ ಬದಿಗೆ ನೀಲಿ ಶೀಟಿನ ಚಪ್ಪರ, ಮೇಲೆ ಕಂಪೆನಿಯ ಹೆಸರು, ಈ ಸಲ ಹಿತಮಿತವಾಗಿ. ಕಾಕನಿಗೆ ನಾನೇ ಹೋಗಿ ಹೇಳಿದೆ. ಕಂಪೆನಿಯವರು ಹೀಗೊಂದು ಮಾಡುತ್ತಿದ್ದಾರೆ ಎಂದೆ. ಕಾಕ ಸೌಟು ಕೆಳಗಿಟ್ಟು, ಒಳ್ಳೆ ಕೆಲಸ ಎಂದರು. ಅಷ್ಟೇ ಹೇಳಿದ್ದು. ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಅವರ ಗಂಜಿಗೆ ಇದರಿಂದ ಏನಾಗುತ್ತದೆಂದು ನಾನು ಆ ಕ್ಷಣದವರೆಗೆ ಯೋಚಿಸಿಯೇ ಇರಲಿಲ್ಲ. ಅನ್ನದಾನದಿಂದ ಒಬ್ಬನ ಹೊಟ್ಟೆಗೆ ಪೆಟ್ಟು ಬೀಳುತ್ತದೆಂದು ನಮ್ಮ ಮನೆಯಲ್ಲಿ ಬೆಳೆದವನಿಗೆ ಹೊಳೆಯುವುದಾದರೂ ಹೇಗೆ?

ಉದ್ಘಾಟನೆಯ ದಿನ ರಿಬ್ಬನ್, ಭಾಷಣ, ಫೋಟೊ ಎಲ್ಲ ಆಯಿತು. ಡ್ರೈವರುಗಳು ಸ್ಟೀಲ್ ತಟ್ಟೆ ಹಿಡಿದು ಸಾಲಾಗಿ ನಿಂತರು. ಫೋಟೊ ತೆಗೆಯುತ್ತಿದ್ದ ನನಗೆ ಸಾಲಿನ ಆಚೆ, ರಸ್ತೆಯ ಆ ಬದಿ ಕಂಡಿತು. ಮೂರು ಬೆಂಚೂ ಖಾಲಿ. ಕಾಕ ಎಂದಿನಂತೆಯೇ ಹಂಡೆ ತುಂಬ ಮಾಡಿದ್ದರು. ಎರಡೂವರೆಯಾದರೂ ಅದರ ಮುಚ್ಚಳ ತೆಗೆದಿರಲಿಲ್ಲ. ತಲಪಾಡಿಯ ಆ ದಿನ ಹೇಗಿದ್ದಿರಬಹುದೆಂದು ಅವರು ಹೇಳಿದಾಗ ಗೊತ್ತಾಗದ್ದು ಈಗ ನನಗೆ ಗೊತ್ತಾಯಿತು.

ಮುಂದಿನ ಮೂರು ದಿನ ನಾನು ಹಿಂದಿನ ಗೇಟಿನಿಂದ ಓಡಾಡಿದೆ. ನಾಚಿಕೆಯೆಂದರೆ ಅಂಥ ನಾಚಿಕೆ.

ನಾಲ್ಕನೆಯ ದಿನ ಅಭಿಪ್ರಾಯದ ಫಾರ್ಮು ಒಟ್ಟುಮಾಡಲು ನಾನು ಚಪ್ಪರಕ್ಕೆ ಬಂದಿದ್ದಾಗ ಕಾಕ ತಾವೇ ಬಂದು ಆ ಸಾಲಿನಲ್ಲಿ ನಿಂತರು. ಬಿಳಿ ಟೊಪ್ಪಿ, ಬಿಳಿ ಲುಂಗಿ, ಕೈಯಲ್ಲಿ ತಟ್ಟೆ. ಎಲ್ಲರ ಕಣ್ಣೂ ಅವರ ಮೇಲೆ. ಬಡಿಸಿದ ಅನ್ನ ಸಾಂಬಾರನ್ನು ಬೆಂಚಿನ ಮೇಲೆ ಕೂತು, ಒಂದು ಅಗುಳೂ ಬಿಡದೆ ಉಂಡರು. ತಟ್ಟೆ ತೊಳೆದಿಟ್ಟರು. ಆಮೇಲೆ ನನ್ನ ಕಡೆ ಬಂದರು.

"ಉಪ್ಪೇ ಇಲ್ಲ ಭಟ್ರೆ. ನಾಲ್ಕು ದಿನದಿಂದ ಇಷ್ಟು ಜನ ತಿಂದ್ರಲ್ಲ, ಒಬ್ಬನಾದ್ರೂ ಹೇಳಿದನಾ?"

ಊಟ ಮಾಡಿದವರು ತುಂಬಿಕೊಟ್ಟ ಫಾರ್ಮುಗಳು ನನ್ನ ಕೈಯಲ್ಲಿದ್ದವು. ಎಲ್ಲದರಲ್ಲೂ ಉತ್ತಮ, ಅತ್ಯುತ್ತಮ. ಮೇಲೆಯೇ ಇದ್ದದ್ದು ಬಂಟ್ವಾಳದ ಡ್ರೈವರನದು. ಅವನು ಪಕ್ಕದಲ್ಲೇ ಕೈ ಒರೆಸಿಕೊಳ್ಳುತ್ತಿದ್ದ. ಕಾಕ ಅವನ ಮುಖ ನೋಡಿದರು.

"ಧರ್ಮಕ್ಕೆ ಹಾಕುವಾಗ ಎಂತ ಹೇಳುದು ಕಾಕ," ಎಂದು ಅವನು ನೆಲ ನೋಡಿದ.

ನನಗೆ ಸ್ವಲ್ಪ ಸಿಟ್ಟೂ ಬಂತು, ಸಮರ್ಥಿಸಿಕೊಳ್ಳಬೇಕೆಂದೂ ಅನಿಸಿತು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆಯನ್ನು ನನ್ನ ಅಪ್ಪ ಹೇಳುವ ಧಾಟಿಯಲ್ಲೇ ಹೇಳಿದೆ. ಕಾಕ ಆ ಗಾದೆಯನ್ನು ಅದಕ್ಕೂ ಮೊದಲು ಕೇಳಿರಲಿಲ್ಲವಂತೆ. ಒಂದು ಗಳಿಗೆ ಯೋಚಿಸಿ, ಅವ ಹಿತ್ತಲಿಗೆ ಯಾಕೆ ಹೋದ, ಕೊಟ್ಟವನ ಎದುರೇ ಮೊಳ ಹಾಕಬೇಕಿತ್ತು ಎಂದರು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಶೆಡ್ಡಿಗೆ ಕರೆದುಕೊಂಡು ಹೋಗಿ ಕೂರಿಸಿ, ಸಂಗತಿ ಇದ್ದದ್ದು ಇದ್ದ ಹಾಗೆ ಹೇಳಿದರು. ಹೀಗೆಯೇ ನಡೆದರೆ ಅಂಗಡಿ ಒಂದು ತಿಂಗಳು ನಿಲ್ಲುವುದಿಲ್ಲ. ತಮ್ಮನಿಗೆ ಫೋನ್ ಮಾಡಬೇಕಾಗುತ್ತದೆ. ಆದರೆ ಊಟ ನಿಲ್ಲಿಸಿ ಎಂದು ಅವರು ಕೇಳಲಿಲ್ಲ. ಹಸಿದವನ ತಟ್ಟೆ ಕಸಿಯಿರಿ ಎಂದು ಅವರ ಬಾಯಿಂದ ಬರುವ ಹಾಗಿರಲಿಲ್ಲ. ತಲಪಾಡಿಯಲ್ಲಿ ಸರಕಾರದಿಂದ ಅಂಗಡಿ ಹೋದಾಗ ಒಂದು ಮಾತೂ ಆಡದವರು ಈಗ ಯಾಕೆ ಇಷ್ಟು ನೊಂದುಕೊಂಡಿದ್ದೀರಿ ಎಂದು ಕೇಳಿದೆ. ಆಗ ಅವರು ಹೇಳಿದ ಮಾತು ನನಗೆ ಇವತ್ತಿಗೂ ಚಾಚೂ ತಪ್ಪದೆ ನೆನಪಿದೆ.

"ಸರಕಾರಕ್ಕೆ ನಾನು ಬೈಬಹುದು. ಅದಕ್ಕೆ ನನ್ನ ದುಡ್ಡೂ ಹೋಗ್ತದೆ, ನನ್ನ ಓಟೂ ಹೋಗ್ತದೆ. ಐದು ವರ್ಷಕ್ಕೆ ಒಮ್ಮೆಯಾದ್ರೂ ಬಾಗಿಲಿಗೆ ಬರ್ತಾರೆ, ಹಿಡಿದು ಕೇಳಬಹುದು. ನಿಮ್ಮ ಎಂ.ಡಿ. ನಾಳೆ ಈ ಊಟ ನಿಲ್ಲಿಸಿದ್ರೆ ಡ್ರೈವರ್ ಯಾರ ಹತ್ರ ಕೇಳುದು? ಅಷ್ಟು ಹೊತ್ತಿಗೆ ನಾನೂ ಇರುದಿಲ್ಲ ಇಲ್ಲಿ."

ನಾನು ತಡೆಯಲಾರದೆ, ಈ ಊಟದ ಆಲೋಚನೆ ಎಂ.ಡಿ.ಯದಲ್ಲ, ನನ್ನದು ಎಂದು ಒಪ್ಪಿಕೊಂಡೆ. ಕಾಕ ನಕ್ಕರು. ಅದು ಮೊದಲ ದಿನವೇ ಗೊತ್ತಾಗಿತ್ತಂತೆ. ಕಂಪೆನಿಗೆ ಹಸಿವಾಗುವುದಿಲ್ಲ, ಇದು ಯಾರೋ ಉಣ್ಣುವ ಮನುಷ್ಯನದೇ ಆಲೋಚನೆ ಎಂದು ಅಂದುಕೊಂಡಿದ್ದರಂತೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆ ಸಂಜೆ ದೇರೆಬೈಲಿನ ಮನೆಯಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ, ಮೂರು ವರ್ಷದಿಂದ ಕಾಕನಲ್ಲಿ ಗಂಜಿ ಉಣ್ಣುತ್ತಿರುವುದನ್ನೂ ಸೇರಿಸಿ. ಅಪ್ಪ ಗಂಜಿಯ ವಿಷಯವನ್ನು ದಾಟಿಸಿ, ದೇವಸ್ಥಾನದಲ್ಲಿ ಬಡಿಸುವುದು ಪ್ರಸಾದ, ಅದಕ್ಕೆ ರುಚಿ ಕೇಳುವವರಿಲ್ಲ, ನಿನ್ನ ಎಂ.ಡಿ. ದೇವರೋ ಎಂದು ಕೇಳಿದರು. ಒಳಗಿನಿಂದ ಅಮ್ಮನಿಗೂ ಕೇಳಿಸಿತ್ತು. ಅವರು ಕೇಳಿದ್ದು ಒಂದೇ, ಹುರುಳಿ ಚಟ್ನಿಗೆ ಬೆಳ್ಳುಳ್ಳಿ ಹಾಕುತ್ತಾರಾ ಎಂದು.

ಮರುದಿನ ಕಾಕನ ಮುಂದೆ ಒಂದು ದಾರಿ ಇಟ್ಟೆ. ಕಂಟ್ರಾಕ್ಟರನ ಬದಲು ಅವರೇ ಅಡುಗೆ ಮಾಡಲಿ, ಕಂಪೆನಿ ಹಣ ಕೊಡಲಿ. ಕಾಕ ಪೂರ್ತಿ ಒಪ್ಪಲಿಲ್ಲ. ಡ್ರೈವರು ಅರ್ಧ ದರ ಕೊಡಬೇಕು, ಉಳಿದರ್ಧ ಕಂಪೆನಿ ಕೊಡಲಿ ಎಂದರು. ಅರ್ಧ ಕೊಟ್ಟವನಿಗೆ ಪೂರ್ತಿ ಬೈಯುವ ಹಕ್ಕು. ಊಟ ತಮ್ಮ ಶೆಡ್ಡಿನಲ್ಲೇ ಆಗಬೇಕು, ಒಲೆಯ ಮೇಲೆ ಯಾರ ಹೆಸರೂ ಬರಬಾರದು. ಇಷ್ಟನ್ನೂ ಕಾಗದದಲ್ಲಿ ಬರೆದುಕೊಂಡು ಎಂ.ಡಿ.ಯ ಕೋಣೆಗೆ ಹೋದೆ. ಸಮಾಜ, ಸ್ವಾಭಿಮಾನ ಎಂದೆಲ್ಲ ಮಾತು ಜೋಡಿಸಿಟ್ಟುಕೊಂಡಿದ್ದೆ. ಅವರು ಕೇಳಿದ್ದು ಖರ್ಚು ಅರ್ಧಕ್ಕೆ ಇಳಿಯುತ್ತದಾ ಎಂದು ಮಾತ್ರ. ಇಳಿಯುತ್ತದೆ ಎಂದೆ. ಸಹಿ ಹಾಕಿದರು. ನನ್ನ ಭಾಷಣ ಹೊಟ್ಟೆಯಲ್ಲೇ ಉಳಿಯಿತು.

ತೊಡಕು ಬಂದದ್ದು ನಮ್ಮ ಖರೀದಿ ವಿಭಾಗದಿಂದ. ಜಿಎಸ್‌ಟಿ ನಂಬರ್ ಇಲ್ಲದವರಿಗೆ ಹಣ ಕೊಡಲು ಕಂಪೆನಿಯ ನಿಯಮದಲ್ಲಿ ಇಲ್ಲ. ಕಾಕನಷ್ಟು ಸಣ್ಣ ವ್ಯಾಪಾರಕ್ಕೆ ನೋಂದಣಿ ಕಡ್ಡಾಯವೇನೂ ಅಲ್ಲ, ಆದರೆ ನಿಯಮ ನಿಯಮವೇ. ಯಾವ ತೆರಿಗೆಯಿಂದ ಒಂದು ಅಂಗಡಿ ಹೋಯಿತೋ ಅದೇ ತೆರಿಗೆಗೆ ಹೆಸರು ಬರೆಸಬೇಕಾಗಿ ಬಂದದ್ದು ಕಾಕನಿಗೆ ಬಹಳ ಮಜವಾಗಿ ಕಂಡಿತು. ಅರ್ಜಿ ನಾನೇ ತುಂಬಿದೆ. ಕೆಲವು ದಿನಗಳಲ್ಲಿ ಸ್ಥಳ ನೋಡಲು ಒಬ್ಬ ಅಧಿಕಾರಿ ಬಂದರು. ಶೆಡ್ಡಿನ ಹೊರಗೆ ನಿಂತು ಕಾಗದ ನೋಡುತ್ತಿದ್ದವರು ತಲೆಯೆತ್ತಿ ಕಾಕನ ಮುಖ ನೋಡಿ ಹಾಗೆಯೇ ನಿಂತರು. ತಲಪಾಡಿಯಲ್ಲಿ ಕೊನೆಯ ದಿನ ಕಣ್ಣೀರು ಹಾಕಿದ ಇನ್ಸ್‌ಪೆಕ್ಟರು ಅವರೇ! ಫೈಲು ಬೆಂಚಿನ ಮೇಲಿಟ್ಟು ಕೂತರು. ಬೇಡವೆಂದರೂ ಕೇಳದೆ ಕಾಕ ಬಡಿಸಿದರು, ಹಣ ಬೇಡವೆಂದರೂ ಕೇಳದೆ ಅವರು ಕೊಟ್ಟು ಹೋದರು.

ಸರ್ಟಿಫಿಕೇಟು ಬಂದಾಗ ಕಾಕ ಅದಕ್ಕೆ ಕಟ್ಟು ಹಾಕಿಸಿ ಮಸೀದಿಯ ಕ್ಯಾಲೆಂಡರಿನ ಪಕ್ಕ ನೇತುಹಾಕಿದರು. ಎಣ್ಣೆ, ಸಾಬೂನು, ಬೆಂಕಿಪೆಟ್ಟಿಗೆ ಕೊಳ್ಳುವಾಗೆಲ್ಲ ನೀವು ಮೊದಲಿನಿಂದಲೂ ತೆರಿಗೆ ಕೊಡುತ್ತಲೇ ಬಂದಿದ್ದೀರಿ ಎಂದು ನಾನು ಹೇಳಿದೆ. ಅದು ಅವರಿಗೂ ಗೊತ್ತಿತ್ತು. ಆದರೆ ಇದರಲ್ಲಿ ಹೆಸರು ಉಂಟಲ್ಲ, ಇನ್ನು ಬೈದರೆ ಅದಕ್ಕೊಂದು ತೂಕ ಉಂಟು ಎಂದರು.

ಆ ತೂಕವನ್ನು ಅವರು ಸುಮ್ಮನೆ ಇಟ್ಟುಕೊಳ್ಳಲಿಲ್ಲ. ಶೆಡ್ಡಿನ ಮುಂದಿನ ಚರಂಡಿಗೆ ಚಪ್ಪಡಿ ಇರಲಿಲ್ಲ. ಕಂಪೆನಿಯ ಆ ವರ್ಷದ ಬಾಕಿ ಹಣದಲ್ಲಿ ಹಾಕಿಸಿಕೊಡುತ್ತೇನೆಂದು ನಾನು ಹೇಳಿದ್ದೇ ತಡ, ಕಾಕ ಕೈ ಅಡ್ಡ ಹಿಡಿದರು. ಅದು ಪಾಲಿಕೆಯ ಕೆಲಸ, ಅದಕ್ಕೆ ಎಲ್ಲರೂ ಕೊಟ್ಟಾಗಿದೆ, ಕಂಪೆನಿ ಮಾಡಿದರೆ ಆ ದುಡ್ಡು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ ಎಂದರು. ತಿಂಗಳಿಗೊಮ್ಮೆ ಅರ್ಜಿ ಹಿಡಿದು ಪಾಲಿಕೆಗೆ ಹೋಗುತ್ತಿದ್ದರು, ಅರ್ಜಿಯ ಜೊತೆ ಸರ್ಟಿಫಿಕೇಟಿನ ಪ್ರತಿ. ಅಲ್ಲಿಯ ಗುಮಾಸ್ತರಿಗೆ ಅವರ ಪರಿಚಯ ಎಷ್ಟಾಯಿತೆಂದರೆ, ಬಂದ ಕೂಡಲೇ ಕುರ್ಚಿ ಕೊಟ್ಟು ಆಗಲಿಲ್ಲ ಕಾಕ ಎನ್ನುತ್ತಿದ್ದರಂತೆ. ಕೊನೆಗೂ ಒಂದು ದಿನ ಚಪ್ಪಡಿ ಬಿತ್ತು. ಒಂದು ಮೂಲೆಯಲ್ಲಿ ಓರೆ ಎಂದು ಮಾರನೆಯ ದಿನವೇ ಕಾಕ ಮತ್ತೊಂದು ಅರ್ಜಿ ಬರೆಸಿದರು. ಬರೆದುಕೊಟ್ಟದ್ದು ನಾನೇ.

ಅರ್ಧ ದರದ ಊಟ ನಡೆದ ಆ ಎರಡು ವರ್ಷ... ನನ್ನ ನೌಕರಿಯ ಕಾಲದಲ್ಲಿ ನಾನು ಅಷ್ಟು ಸಂತೋಷವಾಗಿ ಇದ್ದದ್ದು ಬೇರೆ ಇಲ್ಲವೆಂದೇ ಹೇಳಬೇಕು. ಬೆಂಚಿನ ತುಂಬ ಜನ, ಬಾಯಿತುಂಬ ಬೈಗುಳ. ಬಂಟ್ವಾಳದವನ ಸಿಮೆಂಟಿನ ದೂರು ಮತ್ತೆ ಶುರುವಾಗಿತ್ತು.

ಆಮೇಲೆ ಕಂಪೆನಿಯನ್ನು ಬೇರೆ ಊರಿನವರು ಕೊಂಡರು. ಹೊಸ ಆಡಳಿತದಿಂದ ಎರಡು ಸಾಲಿನ ಇಮೇಲ್ ಬಂತು, ಈ ವರ್ಷದಿಂದ ಸಮಾಜದ ಹಣ ಬೇರೊಂದು ರಾಜ್ಯದಲ್ಲಿ ಖರ್ಚಾಗುತ್ತದೆ, ಊಟದ ಯೋಜನೆ ತಿಂಗಳ ಕೊನೆಗೆ ಮುಕ್ತಾಯ ಎಂದು. ಯಾರು ಬರೆದದ್ದೆಂದು ನೋಡಿದರೆ ಅದರಲ್ಲಿ ಹೆಸರೂ ಇರಲಿಲ್ಲ. ಕಾಕನಿಗೆ ತಿಳಿಸಲು ನಾನೇ ಹೋದೆ. ಅವರು ಕೇಳಿ, ಪರವಾಗಿಲ್ಲ ಎಂದರು. ಮರುದಿನದಿಂದ ಪೂರ್ತಿ ದರ. ಒಂದು ವಾರ ಡ್ರೈವರುಗಳು ಗೊಣಗಿದರು, ಕೆಲವರು ಬರುವುದನ್ನು ಬಿಟ್ಟರು, ಹೆಚ್ಚಿನವರು ಗೊಣಗುತ್ತಲೇ ಬಂದು ಕೂತರು. ಪುಕ್ಕಟೆ ಊಟವೇ ನಡೆದಿದ್ದರೆ ಆ ಹೊತ್ತಿಗೆ ಕಾಕನೂ ಇರುತ್ತಿರಲಿಲ್ಲ, ಊಟವೂ ಇರುತ್ತಿರಲಿಲ್ಲ. ಅವರು ಹೇಳಿದ್ದು ಅಕ್ಷರ ಅಕ್ಷರವೂ ಹಾಗೆಯೇ ಆಗಿತ್ತು, ಆದರೆ ನಾನು ಹೇಳಿರಲಿಲ್ಲವಾ ಎಂದು ಅವರು ಒಮ್ಮೆಯೂ ಅನ್ನಲಿಲ್ಲ.

ನಾನು ಆ ಕೆಲಸ ಬಿಟ್ಟು ಪಡೀಲಿನಲ್ಲಿ ಸಣ್ಣ ಅಂಗಡಿ, ಹೋಟೆಲುಗಳ ತೆರಿಗೆ ಕಾಗದ ನೋಡಿಕೊಡುವ ಸ್ವಂತ ಕಚೇರಿ ತೆರೆದೆ. ಕಾಕನ ಮಂಡಿ ನೋವು ಹೆಚ್ಚಾಗಿ ಶೆಡ್ಡು ಮುಚ್ಚಿದರು. ಮುಚ್ಚಿದ್ದು ಮಂಡಿಗೆ ಸೋತು, ಬೇರೆ ಯಾರಿಗೂ ಅಲ್ಲ ಎಂದು ಫೋನಿನಲ್ಲಿ ಹೇಳಿದರು. ಒಮ್ಮೆ ತಲಪಾಡಿಯ ಹತ್ತಿರದ ಅವರ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಗೇಟಿನೆದುರು ಈಗ ಎಷ್ಟು ಲಾರಿ ನಿಲ್ಲುತ್ತದೆ ಎಂದು ಕೇಳಿದರು. ಈಗ ಫೋನಿನಲ್ಲೇ ಸಮಯ ಕೊಡುತ್ತಾರಂತೆ, ಆ ಹೊತ್ತಿಗೆ ಬಂದು ತುಂಬಿಸಿಕೊಂಡು ಹೋಗುವುದು, ಯಾರೂ ಕಾಯುವುದಿಲ್ಲ ಎಂದೆ. ಹೇಳಿದ ಮೇಲೆ ಹೇಳಬಾರದಿತ್ತು ಅನಿಸಿತು. ಕಾಕ ಮಾತ್ರ, ಒಳ್ಳೆಯದಾಯಿತು ಎಂದರು. ಮನಸ್ಸಿನಿಂದಲೇ ಅಂದರು. ಮತ್ತೆ ಬರುತ್ತೇನೆಂದು ಹೇಳಿ ಬಂದೆ. ರಿಟರ್ನು, ಕೊನೆಯ ದಿನಾಂಕ, ಮಳೆ, ಮತ್ತೆ ರಿಟರ್ನು... ಹೋಗಲಿಲ್ಲ.

ಕಳೆದ ವರ್ಷ ಒಂದು ಮಧ್ಯಾಹ್ನ ಬಂಟ್ವಾಳದ ಡ್ರೈವರನ ಫೋನ್ ಬಂತು. ಅವನು ಗುಜರಾತಿನಲ್ಲಿದ್ದ, ಲಾರಿ ಬದಿಗೆ ನಿಲ್ಲಿಸಿ ಮಾತಾಡುತ್ತಿದ್ದ.

"ಭಟ್ರೆ, ಕಾಕನನ್ನು ಮಣ್ಣು ಮಾಡಿ ಆಯ್ತಾ?"

ನನಗೆ ಏನೆಂದೇ ಅರ್ಥವಾಗಲಿಲ್ಲ. ಬೆಳಿಗ್ಗೆಯೇ ಹೋದರಂತೆ, ಡ್ರೈವರುಗಳ ಫೋನಿನಿಂದ ಫೋನಿಗೆ ಸುದ್ದಿ ಅಷ್ಟು ದೂರ ಮುಟ್ಟಿತ್ತು. ನೀವು ಊರಲ್ಲೇ ಇದ್ದೀರಲ್ಲ, ಅಲ್ಲೇ ಇರುತ್ತೀರಿ ಎಂದುಕೊಂಡು ಫೋನ್ ಮಾಡಿದೆ ಎಂದ. ಅರ್ಧ ಗಂಟೆಯ ದಾರಿಯಲ್ಲಿದ್ದ ನನಗೆ ಕಾಕ ಹೋದ ಸುದ್ದಿಯೇ ಗೊತ್ತಿಲ್ಲ ಎಂದು ಅವನಿಗೆ ಹೇಳಬೇಕಾಯಿತು. ನಾನು ಸ್ಕೂಟರ್ ಹಿಡಿದು ಹೋಗಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಮಸೀದಿಯ ಒಬ್ಬ ಹಿರಿಯರು ಹಸಿಮಣ್ಣಿನ ಹತ್ತಿರ ಕರೆದುಕೊಂಡು ಹೋದರು. ಕೈ ಮುಗಿಯಬೇಕೋ ಬೊಗಸೆ ಒಡ್ಡಬೇಕೋ ತಿಳಿಯದೆ ಸುಮ್ಮನೆ ನಿಂತಿದ್ದೆ. ತುಂಬ ಅತ್ತೆ.

ಬಂಟ್ವಾಳದವನು ಈಗಲೂ ಲಾರಿ ಓಡಿಸುತ್ತಾನೆ. ಮನೆಗೆ ಹೋಗುವ ದಾರಿಯಲ್ಲಿ ಪಡೀಲು ದಾಟುವಾಗ, ನನ್ನ ಕಚೇರಿಯ ಎದುರು ಎರಡು ಸಲ ಹಾರ್ನ್ ಹೊಡೆಯುತ್ತಾನೆ. ಕಾಗದಗಳನ್ನು ಹಾಗೆಯೇ ಬಿಟ್ಟು ನಾನು ಬಾಗಿಲಿಗೆ ಬರುವಷ್ಟರಲ್ಲಿ ಲಾರಿ ಹೋಗಿಯಾಗಿರುತ್ತದೆ. ಅವನಿಗೆ ಎಲ್ಲೂ ನಿಲ್ಲಬೇಕಾದ ಕೆಲಸವಿಲ್ಲ, ಹೆಂಡತಿ ಮಕ್ಕಳ ಜೊತೆ ಕೂತು ಉಣ್ಣುವ ಹೊತ್ತಿಗೆ ಮನೆ ಮುಟ್ಟುತ್ತಾನೆ. ಕಾಕ ಇದ್ದಿದ್ದರೆ ಇದಕ್ಕೆ ಬಹಳ ಸಂತೋಷಪಡುತ್ತಿದ್ದರು. ನನಗೂ ಸಂತೋಷವೇ. ಆದರೆ ಅವರು ಇಲ್ಲವೆನ್ನುವುದು ಆ ಹಾರ್ನ್ ಕೇಳಿದಾಗಲೇ ನನಗೆ ಹೆಚ್ಚು ಗೊತ್ತಾಗುವುದು.